ರಜೆ ಮುಗಿದ ಬೆಳಿಗ್ಗೆ ಡಿಸ್ಪ್ಯಾಚ್ ನಿಂತದ್ದು

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಆಯುಧಪೂಜೆಗೆ ಲೇತಿನಿಂದ ಹಿಡಿದು ಸರ್ವರ್ ರ‍್ಯಾಕಿನವರೆಗೆ ಎಲ್ಲಕ್ಕೂ ಕುಂಕುಮ ಬೀಳುತ್ತದೆ. ಗೇಟಿನಲ್ಲಿ ಬೂದುಗುಂಬಳ ಒಡೆದು, ಪುರಿ ಹಂಚಿ, ಎಲ್ಲರೂ ಊರಿಗೆ ಹೊರಟರೆ ಪಕ್ಕದ ಭಾನುವಾರವೂ ಸೇರಿ ಐಟಿ ರೂಮಿಗೆ ಬೀಗ. ಸರ್ವರ್ ಮಾತ್ರ ಓಡುತ್ತಿರುತ್ತದೆ. ರ‍್ಯಾನ್ಸಮ್‌ವೇರ್ ಎಂದರೆ ಫೈಲುಗಳಿಗೆ ಬೀಗ ಹಾಕಿ ಕೀಲಿಗೆ ದುಡ್ಡು ಕೇಳುವ ಪ್ರೋಗ್ರಾಮ್. ಅದನ್ನು ಬಿಡುವವರು ಕಾಯುವುದು ಇಂಥ ಹೊತ್ತಿಗೇ; ಒಳಗೆ ಹೊಕ್ಕದ್ದು ಯಾವಾಗಲೋ, ಫೈಲುಗಳಿಗೆ ಬೀಗ ಹಾಕುವುದು ರಜೆಯ ರಾತ್ರಿ. ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ರಜೆ ಮುಗಿದ ಬೆಳಿಗ್ಗೆ ಆದದ್ದು ಇದೇ.

ಮೊದಲ ದೂರು ಬಂದದ್ದು ಮೆಷಿನ್ ಶಾಪಿನಿಂದಲ್ಲ, ಡಿಸ್ಪ್ಯಾಚಿನಿಂದ. "ಸಾರ್, ಲೇಬಲ್ ಪ್ರಿಂಟ್ ಆಗ್ತಾ ಇಲ್ಲ, ಲಾರಿ ನಿಂತೈತೆ." ಆ ಹೊತ್ತಿನಲ್ಲಿ, ಪ್ರೋಗ್ರಾಮ್ ಪ್ರಕಾರ ತಾವೇ ಓಡುವ ಸಿಎನ್‌ಸಿ ಯಂತ್ರಗಳು ಎಂದಿನಂತೆ ಲೋಹ ಕೊರೆಯುತ್ತಿದ್ದವು. ಕಾರಣ ಸರಳ. ರ‍್ಯಾನ್ಸಮ್‌ವೇರ್ ಹಿಡಿಯುವುದು ಸಾಮಾನ್ಯವಾಗಿ ವಿಂಡೋಸ್ ಯಂತ್ರಗಳನ್ನು. ಯಂತ್ರವನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರಾದ ಪಿಎಲ್‌ಸಿಯೊಳಗಿನ ಲ್ಯಾಡರ್ ಪ್ರೋಗ್ರಾಮ್, ಸಿಎನ್‌ಸಿ ಕಂಟ್ರೋಲರಿನ ಮೆಮೊರಿಯಲ್ಲಿರುವ ಪ್ರೋಗ್ರಾಮ್ ತಮ್ಮ ಪಾಡಿಗೆ ಓಡುತ್ತವೆ. ಬೀಗ ಬಿದ್ದದ್ದು ಆರ್ಡರು, ಸ್ಟಾಕು, ಬಿಲ್ಲುಗಳ ಲೆಕ್ಕವಿಡುವ ಇಆರ್‌ಪಿ ಡೇಟಾಬೇಸಿಗೆ, ಲೇಬಲ್ ಪಿಸಿಗೆ, ಡ್ರಾಯಿಂಗ್ ಇಟ್ಟ ಶೇರ್ಡ್ ಫೋಲ್ಡರಿಗೆ, ಉದ್ದನೆಯ ಪ್ರೋಗ್ರಾಮುಗಳನ್ನು ಮೆಷಿನ್ನಿಗೆ ಹರಿಸುವ ಡಿಎನ್‌ಸಿ ಪಿಸಿಗೆ. ಮಾಲು ತಯಾರಾಗಿ ಬಿನ್ನಿನಲ್ಲಿ ಕೂತಿದ್ದರೂ, ಇ-ವೇ ಬಿಲ್ ಇಲ್ಲದೆ 50,000 ರೂಪಾಯಿಗಿಂತ ಹೆಚ್ಚಿನ ಸರಕು ಅತ್ತಿಬೆಲೆ ದಾಟುವಂತಿಲ್ಲ. ದಾಟಿದರೂ, ಬಾರ್‌ಕೋಡ್ ಇಲ್ಲದ ಬಿನ್ನನ್ನು ಗ್ರಾಹಕರ ಸ್ಟೋರ್ ಇಳಿಸಿಕೊಳ್ಳುವುದಿಲ್ಲ.

ಸಣ್ಣ ವೆಂಡರ್ ನಿಂತರೆ ದೊಡ್ಡ ಕಂಪನಿ ಎಷ್ಟು ಬೇಗ ನಿಲ್ಲುತ್ತದೆ ಎಂಬುದಕ್ಕೆ ಜಪಾನಿನ ಉದಾಹರಣೆಯೇ ಇದೆ. ಪ್ಲಾಸ್ಟಿಕ್ ಭಾಗ ಕೊಡುವ ಕೊಜಿಮಾ ಇಂಡಸ್ಟ್ರೀಸ್ ಮೇಲೆ ದಾಳಿಯಾದಾಗ, 2022ರ ಮಾರ್ಚ್ 1ರಂದು ಟೊಯೊಟಾ ತನ್ನ ದೇಶದೊಳಗಿನ 14 ಕಾರ್ಖಾನೆಗಳ 28 ಲೈನುಗಳನ್ನು ನಿಲ್ಲಿಸಿತು.

ಮೊದಲ ಕೆಲಸ ಕೇಬಲ್ ಕೀಳುವುದು. ಕೋರ್ ಸ್ವಿಚ್ಚಿನಿಂದ ಫೈರ್‌ವಾಲಿಗೆ ಹೋಗುವ ಕೇಬಲ್, ಆಫೀಸ್ ಮತ್ತು ಶಾಪ್‌ಫ್ಲೋರ್ ನಡುವಿನ ಅಪ್‌ಲಿಂಕ್, ಕೊನೆಗೆ ವೈಫೈ. "ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡೋಣ ಬಿಡಿ" ಎನ್ನುವವರು ಪ್ರತಿ ವಿಭಾಗದಲ್ಲೂ ಒಬ್ಬರು ಇರುತ್ತಾರೆ. ಮಾಡಬಾರದು. ದಾಳಿಕೋರರು ಬಳಸಿದ ಟೂಲಿನ ಕುರುಹು, ಅದೃಷ್ಟವಿದ್ದರೆ ಕೀಲಿಯ ತುಣುಕು ಕೂಡ ರ‍್ಯಾಮಿನಲ್ಲಿರಬಹುದು. ರೀಸ್ಟಾರ್ಟ್ ಆದರೆ ಅದು ಹೋಯಿತು. ನೆಟ್‌ವರ್ಕ್ ಕಿತ್ತು, ಪವರ್ ಹಾಗೇ ಬಿಡಬೇಕು. ಕೇಬಲ್ ಕೀಳಲು ಆಗದಿದ್ದಲ್ಲಿ ಮಾತ್ರ ಪವರ್ ತೆಗೆಯುವುದು. ಸ್ಕ್ರೀನಿನ ಬೆದರಿಕೆ ಪತ್ರವನ್ನೂ, ಫೈಲುಗಳ ಹೆಸರಿಗೆ ಅಂಟಿದ ಹೊಸ ಬಾಲವನ್ನೂ ಮೊಬೈಲಿನಲ್ಲಿ ಫೋಟೊ ಹಿಡಿದಿಟ್ಟುಕೊಳ್ಳಬೇಕು. ಯಾವ ಗುಂಪಿನ ಮಾಲು ಎಂದು ಗುರುತಿಸಲು, ನೋ ಮೋರ್ ರ‍್ಯಾನ್ಸಮ್ ತಾಣದಲ್ಲಿ ಬಿಟ್ಟಿ ಕೀಲಿ ಇದೆಯೇ ಎಂದು ಹುಡುಕಲು ಇವೆರಡೇ ಆಧಾರ. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ ಆರು ಗಂಟೆಯೊಳಗೆ ತಿಳಿಸಬೇಕೆಂಬ ನಿಯಮ 2022ರಿಂದ ಇದೆ. ಅದೇ ಆದೇಶ 180 ದಿನಗಳ ಲಾಗ್ ಇಟ್ಟುಕೊಳ್ಳಲೂ ಹೇಳುತ್ತದೆ. ಆ ಲಾಗ್ ಸರ್ವರಿನೊಳಗೇ ಇದ್ದರೆ ಅದಕ್ಕೂ ಬೀಗ ಬಿದ್ದಿರುತ್ತದೆ, ಅದು ಬೇರೆ ಮಾತು.

ಬ್ಯಾಕಪ್ ಹಾರ್ಡ್‌ಡಿಸ್ಕ್ ಸರಿಯಿದೆಯೇ ಎಂದು ನೋಡಲು ಅದನ್ನು ಅದೇ ಸರ್ವರಿಗೆ ಚುಚ್ಚುವುದು ಎಲ್ಲಕ್ಕಿಂತ ದೊಡ್ಡ ಅನಾಹುತ. ಬೀಗ ಹಾಕುವ ಪ್ರೋಗ್ರಾಮ್ ಇನ್ನೂ ಓಡುತ್ತಿದ್ದರೆ ಉಳಿದ ಒಂದೇ ಪ್ರತಿಯೂ ಕೈಬಿಡುತ್ತದೆ. ಇಲ್ಲಿ ನಾಸ್‌ (ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕ್) ಪೆಟ್ಟಿಗೆಯಲ್ಲಿದ್ದ ಬ್ಯಾಕಪ್ ಮೊದಲೇ ಹೋಗಿತ್ತು, ಏಕೆಂದರೆ ಅದು ಸರ್ವರಿನಲ್ಲಿ ಝಡ್ ಡ್ರೈವ್ ಆಗಿ ತೆರೆದೇ ಇತ್ತು. ವಿಂಡೋಸ್ ತನ್ನೊಳಗೇ ಇಡುವ ಹಳೆಯ ಪ್ರತಿಗಳಾದ ಶ್ಯಾಡೋ ಕಾಪಿಗಳನ್ನೂ ದಾಳಿಕೋರರು ಮೊದಲು ಅಳಿಸಿಬಿಡುತ್ತಾರೆ. ಉಳಿದದ್ದು ಅಕೌಂಟ್ಸ್ ಬೀರುವಿನಲ್ಲಿ, ರಜೆಗೆ ಮುಂಚೆ ಕಳಚಿಟ್ಟ ಡಿಸ್ಕ್. 2017ರ ನಾಟ್‌ಪೆಟ್ಯಾ ಸೈಬರ್ ದಾಳಿಯಲ್ಲಿ ಮಾರ್ಸ್ಕ್ ಹಡಗು ಕಂಪನಿಯ ಎಲ್ಲರ ಲಾಗಿನ್ ನೋಡಿಕೊಳ್ಳುವ ಸರ್ವರುಗಳಾದ ಡೊಮೈನ್ ಕಂಟ್ರೋಲರುಗಳಲ್ಲಿ ಘಾನಾದ ಒಂದು ಮಾತ್ರ ಉಳಿದದ್ದು ಅಲ್ಲಿ ಕರೆಂಟ್ ಹೋಗಿದ್ದರಿಂದ. ನಮ್ಮ ಕಡೆ ಕರೆಂಟ್ ಹೋಗುವುದಕ್ಕೆ ಬರವಿಲ್ಲ, ಆದರೆ ಅದನ್ನು ನಂಬಿ ಬ್ಯಾಕಪ್ ಮಾಡಲಾಗದು.

ಮಧ್ಯಾಹ್ನದ ಹೊತ್ತಿಗೆ ಶಾಪ್‌ಫ್ಲೋರ್ ಕೂಡ ನಿಲ್ಲತೊಡಗಿತು. ಅಸೆಂಬ್ಲಿಯಲ್ಲಿ ಪ್ರತಿ ಭಾಗದ ಮೇಲೆ ಲೇಸರ್ ಸೀರಿಯಲ್ ನಂಬರ್ ಕೆತ್ತುತ್ತದೆ. ನಂಬರ್ ಕೊಡುವುದು ಸರ್ವರ್. ಬೋಲ್ಟ್ ಬಿಗಿತ ಅಳೆಯುವ ಟಾರ್ಕ್ ಸ್ಟೇಷನ್ ತನ್ನ ರೀಡಿಂಗ್ ಕಳಿಸಿ, ಸರ್ವರ್ ಓಕೆ ಎಂದ ಮೇಲಷ್ಟೇ ಕ್ಲ್ಯಾಂಪ್ ಬಿಡುತ್ತದೆ. "ಅಣ್ಣಾ, ಪೀಸ್ ಬಿಡ್ತಾ ಇಲ್ಲ" ಎಂದು ಆಪರೇಟರ್ ಕೂಗಿದ. ಬೈಪಾಸ್ ಕೀ ತಿರುಗಿಸಿದರೆ ಲೈನ್ ಓಡುತ್ತದೆ, ನಿಜ. ಆದರೆ ಆಮೇಲೆ ಯಾವುದಾದರೂ ಬೋಲ್ಟ್ ಸಡಿಲವಾದರೆ ಯಾವ ಲಾಟ್ ವಾಪಸ್ ತರಿಸಬೇಕು ಎಂದು ಹೇಳುವವರಿಲ್ಲ. ಹಾಗಾಗಿ ಕ್ವಾಲಿಟಿ ಹೆಡ್ ಸಹಿ ಹಾಕಿದ ಮೇಲೆಯೇ ಬೈಪಾಸ್, ಟಾರ್ಕ್ ರೀಡಿಂಗ್ ಕೈಬರಹದಲ್ಲಿ ರಿಜಿಸ್ಟರಿಗೆ, ಆ ಬಿನ್ನುಗಳಿಗೆ ಹಳದಿ ಟ್ಯಾಗ್, ಗೋದಾಮಿನಲ್ಲಿ ಬೇರೆ ಜಾಗ.

ಇನ್‌ವಾಯ್ಸಿನದು ಇನ್ನೊಂದು ತೊಡಕು. ಯಾವತ್ತೂ ಈ ನೆಟ್‌ವರ್ಕಿಗೆ ತಾಕದ ಲ್ಯಾಪ್‌ಟಾಪ್, ಮೊಬೈಲ್ ಹಾಟ್‌ಸ್ಪಾಟ್ ಇದ್ದರೆ ಸರ್ಕಾರದ ಪೋರ್ಟಲಿನಲ್ಲೇ ಇ-ವೇ ಬಿಲ್ ಮಾಡಬಹುದು. ಆದರೆ ಇಆರ್‌ಪಿಗೆ ಬೀಗ ಬಿದ್ದಾಗ ಕೊನೆಯ ಇನ್‌ವಾಯ್ಸ್ ನಂಬರ್ ಯಾವುದು? ಊಹಿಸಿ ಹಾಕಿದರೆ ನಂಬರ್ ಎರಡೆರಡಾಗುತ್ತದೆ. ಜಿಎಸ್‌ಟಿ ನಿಯಮ ಒಂದಕ್ಕಿಂತ ಹೆಚ್ಚು ಸರಣಿಗೆ ಅವಕಾಶ ಕೊಡುತ್ತದೆ, ಆದರೆ ನಂಬರ್ 16 ಅಕ್ಷರ ಮೀರಬಾರದು. ತುರ್ತಿಗೆಂದು ಬೇರೆ ಅಕ್ಷರದಿಂದ ಶುರುವಾಗುವ ಸರಣಿಯನ್ನು ಮೊದಲೇ ಗೊತ್ತುಮಾಡಿಟ್ಟಿದ್ದರೆ ಲಾರಿ ಸಂಜೆಯೊಳಗೆ ಹೊರಡುತ್ತದೆ.

ದಾಳಿಕೋರರು ಒಳಬಂದ ದಾರಿ ಯಾವುದೆಂದು ಹುಡುಕಿದಾಗ ಸಿಕ್ಕಿದ್ದು ಹಳೆಯ ಕಥೆ: ಮೆಷಿನ್ ಸರ್ವಿಸಿನವರು ದೂರದಿಂದ ನೋಡಲೆಂದು ಫೈರ್‌ವಾಲಿನಲ್ಲಿ ತೆರೆದಿದ್ದ 3389ನೇ ಪೋರ್ಟ್, ಅಂದರೆ ರಿಮೋಟ್ ಡೆಸ್ಕ್‌ಟಾಪಿನ ಬಾಗಿಲು. ಅಮೆರಿಕದ ಇಂಧನ ಸಾಗಣೆ ಕಂಪನಿ ಕೊಲೊನಿಯಲ್ ಪೈಪ್‌ಲೈನಿಗೂ 2021ರಲ್ಲಿ ದಾಳಿಕೋರರು ಹೊಕ್ಕದ್ದು ಎರಡನೇ ಹಂತದ ದೃಢೀಕರಣವಿಲ್ಲದ ಒಂದು ವಿಪಿಎನ್ (ಹೊರಗಿನಿಂದ ಕಂಪನಿಯ ನೆಟ್‌ವರ್ಕಿಗೆ ಸೇರುವ) ಖಾತೆಯಿಂದ. ಅವರು 75 ಬಿಟ್‌ಕಾಯಿನ್ ಕೊಟ್ಟರು. ಸಿಕ್ಕ ಕೀಲಿ ಎಷ್ಟು ನಿಧಾನವೆಂದರೆ ತಮ್ಮದೇ ಬ್ಯಾಕಪ್ಪಿನ ಮೊರೆಹೋಗಬೇಕಾಯಿತು. ದುಡ್ಡು ಕೊಡುವ ಚರ್ಚೆಗೆ ಇಷ್ಟು ಸಾಕೆಂದು ನನಗನ್ನಿಸುತ್ತದೆ.

ಮರಳಿ ಕಟ್ಟುವಾಗ ಅವಸರದ ಇಲಾಖೆಗೆ ಮೊದಲು ಎಂಬ ಲೆಕ್ಕವಿಲ್ಲ. ಮೊದಲು ಫೈರ್‌ವಾಲ್, ನಂತರ ಡೊಮೈನ್ ಕಂಟ್ರೋಲರ್, ಅದರ ಎಲ್ಲ ಅಡ್ಮಿನ್ ಪಾಸ್‌ವರ್ಡುಗಳನ್ನು ಬದಲಿಸುವುದು, ಲಾಗಿನ್ ಟಿಕೆಟುಗಳಿಗೆ ಸಹಿ ಹಾಕುವ ಕೆಆರ್‌ಬಿಟಿಜಿಟಿ ಖಾತೆಯದ್ದು ಎರಡು ಬಾರಿ. ಆಮೇಲೆ ಇಆರ್‌ಪಿ ಮತ್ತು ಲೇಬಲ್, ಆಮೇಲೆ ಭಾಗಗಳ ನಂಬರ್, ರೀಡಿಂಗ್ ದಾಖಲಿಸುವ ಟ್ರೇಸಬಿಲಿಟಿ, ಡಿಎನ್‌ಸಿ. ಮೇಲ್ ಕೊನೆಗೆ, ಮ್ಯಾನೇಜರುಗಳು ಎಷ್ಟೇ ಗೊಣಗಲಿ. ಬ್ಯಾಕಪ್ಪನ್ನು ಪ್ರತ್ಯೇಕ ಸ್ವಿಚ್ಚಿನಲ್ಲಿ ತೆರೆದು, ದಾಳಿಕೋರ ಒಳಬಂದ ದಿನಕ್ಕಿಂತ ಹಿಂದಿನದೇ ಎಂದು ಖಾತ್ರಿ ಮಾಡಿಕೊಳ್ಳಬೇಕು.

ಇಷ್ಟೆಲ್ಲದರ ನಡುವೆ ಮರೆತುಹೋಗುವುದು ಮೆಷಿನ್ನಿನ ಬ್ಯಾಕಪ್. ಡಿಎನ್‌ಸಿ ಪಿಸಿಯಲ್ಲಿದ್ದ ಪ್ಯಾರಾಮೀಟರ್ (ಮೆಷಿನ್ನಿನ ಸೆಟ್ಟಿಂಗ್) ಪ್ರತಿ ಹೋದ ಮೇಲೆ, ಫ್ಯಾನಕ್ ಕಂಪನಿಯ ಕಂಟ್ರೋಲರಿನ ಮೆಮೊರಿಯಾದ ಎಸ್‌ರ‍್ಯಾಮ್ ಒಂದೇ ಅಸಲು, ಅದು ನಿಂತಿರುವುದು ಬ್ಯಾಟರಿಯ ಮೇಲೆ. ಬಲತುದಿಯ ಎರಡು ಸಾಫ್ಟ್ ಕೀಗಳನ್ನು ಒತ್ತಿ ಹಿಡಿದು ಪವರ್ ಕೊಟ್ಟರೆ ಬೂಟ್ ಪರದೆ ಬರುತ್ತದೆ. ಅಲ್ಲಿಂದ ಎಸ್‌ರ‍್ಯಾಮ್ ಡೇಟಾ ಮೆಮೊರಿ ಕಾರ್ಡಿಗೆ ಇಳಿಯುತ್ತದೆ. ಪ್ರತಿ ಮೆಷಿನ್ನಿಗೂ ಒಂದು ಕಾರ್ಡ್, ಮೇಲೆ ಮೆಷಿನ್ ನಂಬರ್ ಮತ್ತು ತಾರೀಕು, ಇಡುವುದು ಮೇಂಟೆನೆನ್ಸ್ ಬೀರುವಿನಲ್ಲಿ. ಬ್ಯಾಟರಿ ಬದಲಿಸುವಾಗ ಕೈಪಿಡಿ ಹೇಳಿದ ಕ್ರಮ ತಪ್ಪಬಾರದು.