ಉದ್ಧರಣ ಚಿಹ್ನೆಯ ಹೊರಗೆ ಮಾತಾಡುವವರು

ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ‘ಈ ಮಾತನ್ನು ಯಾರು, ಯಾರಿಗೆ, ಯಾವಾಗ ಹೇಳಿದರು?’ ಎಂಬ ಪ್ರಶ್ನೆಯನ್ನು ಎದುರಿಸದೆ ಶಾಲೆ ದಾಟಿದವರು ಇರಲಾರರು. ಮುಂಬೈಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಏಳನೆಯ ತರಗತಿಗೆ ಪಾಠ ಮಾಡುವ ನಾನೂ ಅದನ್ನು ಕೇಳುತ್ತೇನೆ, ಮಕ್ಕಳೂ ತಡವರಿಸದೆ ಉತ್ತರಿಸುತ್ತಾರೆ. ಆದರೆ ಉದ್ಧರಣ ಚಿಹ್ನೆಯ ಒಳಗಿನ ಮಾತು ಯಾರದೆಂದು ಥಟ್ಟನೆ ಹೇಳುವ ಅದೇ ಮಕ್ಕಳನ್ನು, ಆ ಚಿಹ್ನೆಯ ಹೊರಗೆ ಕಥೆಯುದ್ದಕ್ಕೂ ಮಾತಾಡುತ್ತಿರುವವರು ಯಾರು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಲೇಖಕರು’. ನಿರೂಪಕನೂ ಲೇಖಕರು ಕಟ್ಟಿದ ಒಂದು ಪಾತ್ರವೇ, ಅವನಿಗೂ ತನ್ನದೇ ದನಿ, ಇಷ್ಟಾನಿಷ್ಟ, ಸಿಟ್ಟುಸೆಡವು ಇರುತ್ತವೆ ಎಂದು ವ್ಯಾಖ್ಯೆ ಬರೆಸಿದರೆ ಅವರು ಅದನ್ನು ಬಾಯಿಪಾಠ ಮಾಡಿಯಾರು. ಕಥೆ ಓದುವಾಗ ಆ ದನಿ ಅವರ ಕಿವಿಗೆ ಬೀಳುವುದಿಲ್ಲ.

ಜುಲೈ ತಿಂಗಳ ಒಂದು ದಿನ ಕಿಂಗ್ಸ್ ಸರ್ಕಲ್‌ನಲ್ಲಿ ನೀರು ನಿಂತು, ಕುರ್ಲಾ ಮತ್ತು ಸಯನ್ ನಡುವೆ ಲೋಕಲ್ ರೈಲುಗಳು ತೆವಳುತ್ತಿದ್ದುದರಿಂದ ತರಗತಿಯ ಅರ್ಧಕ್ಕರ್ಧ ಬೆಂಚುಗಳು ಖಾಲಿಯಿದ್ದವು. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಪಠ್ಯವನ್ನು ಮುಂದುವರಿಸಿದರೆ ಬಾರದಿದ್ದವರಿಗೆ ಪಾಠ ತಪ್ಪಿಹೋಗುತ್ತಿತ್ತು. ಹೀಗಾಗಿ ಪುಸ್ತಕ ಮುಚ್ಚಿಸಿ, ಬೋರ್ಡಿನ ಮೇಲೆ ಮೂರು ಸಾಲು ಬರೆದೆ: ‘ಮಳೆಗೆ ರೈಲು ನಿಂತಿತು. ಡಬ್ಬದಲ್ಲಿ ಜನ ಬಹಳ ಹೊತ್ತು ಸಿಕ್ಕಿಕೊಂಡರು. ಒಬ್ಬ ಮುದುಕಿ ತನ್ನ ಬುಟ್ಟಿಯ ಬಾಳೆಹಣ್ಣನ್ನು ಹಂಚಿದಳು.’ ನಡೆದ ಸಂಗತಿ ಇಷ್ಟೇ, ಇದನ್ನು ಬದಲಿಸುವ ಹಾಗಿಲ್ಲ, ಆದರೆ ಹೇಳುವವರನ್ನು ನೀವೇ ಆರಿಸಿಕೊಳ್ಳಿ ಎಂದೆ.

ಪೆನ್ನು ತೆಗೆಯುವ ಮೊದಲೇ, ಕುಂದಾಪುರದ ಕಡೆಯಿಂದ ಬಂದು ಮಾಟುಂಗಾದ ಹೋಟೆಲಿನಲ್ಲಿ ದುಡಿಯುವವರ ಮಗನೊಬ್ಬ ಎದ್ದು ನಿಂತ. ಅಷ್ಟು ವಯಸ್ಸಾದವರನ್ನು ‘ಹಂಚಿದಳು’ ಎನ್ನಬಾರದು, ‘ಹಂಚಿದರು’ ಎನ್ನಬೇಕು ಎಂಬುದು ಅವನ ತಕರಾರು. ಆ ಒಂದು ಪ್ರತ್ಯಯವನ್ನು ಅಳಿಸಿ ಅವನು ಹೇಳಿದಂತೆಯೇ ಬರೆದೆ. ‘ಮುದುಕಿ ಹಂಚಿದರು’ ಎಂಬುದು ಯಾರಿಗೂ ಸರಿಕಾಣಲಿಲ್ಲ. ಕ್ರಿಯಾಪದ ಬದಲಾದೊಡನೆ ಮುದುಕಿ ಅಜ್ಜಿಯಾಗಬೇಕಾಯಿತು, ಅಜ್ಜಿಯಾದೊಡನೆ ಹೇಳುವವನು ಆಕೆಯನ್ನು ಬಲ್ಲವನಂತೆ, ಕನಿಷ್ಠಪಕ್ಷ ಆಕೆಯ ಮೇಲೆ ಗೌರವವುಳ್ಳವನಂತೆ ಕಾಣತೊಡಗಿದ. ಮರಾಠಿಯಲ್ಲೂ ‘ಆಜೀ ಆಲೀ’, ‘ಆಜೀ ಆಲ್ಯಾ’ ಎಂದು ಎರಡು ಬಗೆ ಉಂಟಲ್ಲ ಎಂದು ಹಿಂದಿನ ಬೆಂಚಿನಿಂದ ಯಾರೋ ನೆನಪಿಸಿದರು. ಇಂಗ್ಲಿಷ್ ಕಥೆಯ ನಿರೂಪಕನಿಗೆ ಈ ಇಕ್ಕಟ್ಟಿಲ್ಲ. ನಮ್ಮಲ್ಲಿ ಮಾತ್ರ ಅವನು ವಾಕ್ಯ ಮುಗಿಸುವಷ್ಟರಲ್ಲಿ ತಾನು ಯಾರನ್ನು ಎಲ್ಲಿ ಕೂರಿಸಿದ್ದೇನೆಂದು ಹೇಳಿಬಿಟ್ಟಿರುತ್ತಾನೆ. 1980ರಲ್ಲಿ ಬಂದ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ ಕಥೆ ಹೇಳುವ ‘ನಾನು’ ವಿಜ್ಞಾನಿ ಕರ್ವಾಲೊ ಅವರನ್ನು ಬಹುವಚನದಲ್ಲೂ ಹಳ್ಳಿಯ ಮಂದಣ್ಣನನ್ನು ಏಕವಚನದಲ್ಲೂ ಕರೆಯುತ್ತಾನೆ. ಆದರೂ ಓದುತ್ತ ಹೋದಂತೆ ನಮ್ಮ ಮನಸ್ಸಿನಲ್ಲಿ ಮಂದಣ್ಣನ ತೂಕ ಕಡಿಮೆಯಾಗುವುದಿಲ್ಲ. ಏಕವಚನದಲ್ಲಿ ಸಲಿಗೆಯೂ ಇರಬಹುದು, ತಾತ್ಸಾರವೂ ಇರಬಹುದು. ಯಾವುದೆಂದು ತಿಳಿಯಲು ಉಳಿದ ಸಾಲುಗಳನ್ನೂ ಕಿವಿಗೊಟ್ಟು ಕೇಳಬೇಕು ಎಂದು ಮಕ್ಕಳಿಗೆ ಹೇಳಿದೆ. ಆಮೇಲೆ ‘ಹಂಚಿದಳಂತೆ’ ಎಂದು ಬರೆದಾಗ, ಈಗ ಹೇಳುತ್ತಿರುವವನು ಆ ರೈಲಿನಲ್ಲಿ ಇರಲೇ ಇಲ್ಲ ಎಂದು ಅವರೇ ಕಂಡುಹಿಡಿದರು.

ಬರೆದು ತಂದವುಗಳಲ್ಲಿ ಹೆಚ್ಚಿನವು ನಾನು ಊಹಿಸಿದಂತೆಯೇ ಇದ್ದವು. ‘ಕರುಣಾಮಯಿಯಾದ ವೃದ್ಧೆಯೊಬ್ಬಳು ಹಸಿದವರ ಹಸಿವನ್ನು ನೀಗಿಸಿದಳು’ ಎಂದು ಒಬ್ಬ ಬರೆದಿದ್ದ. ಇದು ಮಕ್ಕಳ ದೋಷವಲ್ಲ. ಸಾರಾಂಶ ಬರೆಯಿರಿ, ಗುಣಸ್ವಭಾವ ಬರೆಯಿರಿ ಎಂದು ವರ್ಷವಿಡೀ ಕೇಳಿದರೆ ಮಕ್ಕಳು ತೀರ್ಪಿನಿಂದಲೇ ಆರಂಭಿಸುವುದನ್ನು ಕಲಿಯುತ್ತಾರೆ. ಅಫಜಲಪುರದ ಕಡೆಯ ಕಟ್ಟಡ ಕಾರ್ಮಿಕರ ಮನೆಯ ಹುಡುಗಿಯೊಬ್ಬಳು ಮಾತ್ರ, ಅದೇ ಡಬ್ಬದಲ್ಲಿ ಕುಳಿತ ಹೆಂಗಸೊಬ್ಬಳ ಬಾಯಲ್ಲಿ ಹೀಗೆ ಹೇಳಿಸಿದ್ದಳು: ‘ನನಗ ಹಸಿವಿ ಆಗಿತ್ತು. ಖರೆ ಕೈ ಚಾಚಾಕ ನಾಚಿಕಿ ಬಂತು. ಆಕಿ ನನ್ನ ಮಾರಿ ನೋಡಲಿಲ್ಲ. ಹಣ್ಣ ಉಡ್ಯಾಗ ಇಟ್ಟು ಮುಂದ ಹೋದ್ಲು.’

ಎರಡನ್ನೂ ಗಟ್ಟಿಯಾಗಿ ಓದಿಸಿದೆ. ಮೊದಲನೆಯದರಲ್ಲಿ ಕರುಣೆ ಎಂಬ ಶಬ್ದವಿದೆ. ಎರಡನೆಯದರಲ್ಲಿ ಆ ಶಬ್ದವಿಲ್ಲದೆಯೇ ಮುಖ ನೋಡದೆ ಮುಂದೆ ಹೋದ ಒಬ್ಬ ಹೆಂಗಸಿದ್ದಾಳೆ, ಅದನ್ನು ಗಮನಿಸುವಷ್ಟು ಸೂಕ್ಷ್ಮಳಾದ ಇನ್ನೊಬ್ಬಳೂ ಇದ್ದಾಳೆ. ಕಥೆಯ ಧಾಟಿ ಹುಟ್ಟುವುದು ಹೇಳುವವರು ಏನನ್ನು ಕಾಣುತ್ತಾರೆ, ಏನನ್ನು ಹೇಳದೆ ಬಿಡುತ್ತಾರೆ ಎಂಬುದರಿಂದ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ, ಮತ್ತು ಹನ್ನೆರಡು ವರ್ಷದ ಮಕ್ಕಳಿಗೆ ಅದು ಖಂಡಿತ ಅರ್ಥವಾಗುತ್ತದೆ. ಆ ಹುಡುಗಿಯ ನೋಟ್‌ಬುಕ್ಕಿನಲ್ಲಿ ‘ನನಗ’ ಎಂಬುದನ್ನು ‘ನನಗೆ’ ಎಂದು ತಿದ್ದಲಿಲ್ಲ. ಪತ್ರಲೇಖನದಲ್ಲಿ ತಿದ್ದುತ್ತೇನೆ, ತಿದ್ದಲೇಬೇಕು. ಆದರೆ ಇಲ್ಲಿ ಅದು ಅವಳ ನಿರೂಪಕಿಯ ನಾಲಿಗೆ.

ಇಷ್ಟರಲ್ಲಿ ಸದಾ ಕಡಿಮೆ ಮಾತಾಡುವ ಹುಡುಗನೊಬ್ಬ ತನ್ನದನ್ನು ಓದಿದ: ‘ನೀರು ಬಡಿದ ಹಣ್ಣು ನಾಳೆ ಯಾರು ಕೊಳ್ಳುತ್ತಾರೆ? ಕೊಳೆಯುವ ಮೊದಲು ಮುದುಕಿ ಹಂಚಿಬಿಟ್ಟಳು. ಎಲ್ಲರೂ ಅವಳನ್ನು ಹೊಗಳಿದರು.’ ತರಗತಿ ಗಲಾಟೆ ಎಬ್ಬಿಸಿತು. ಅಜ್ಜಿಗೆ ಅವಮಾನವಾಯಿತು, ಕಥೆ ತಪ್ಪು, ನೀವು ತಿದ್ದಿ ಎಂದು ನನ್ನನ್ನೇ ಒತ್ತಾಯಿಸಿದರು. ಸಂಗತಿಯನ್ನು ಅವನು ಬದಲಿಸಿದ್ದಾನೆಯೇ ಎಂದು ಕೇಳಿದೆ. ಬೋರ್ಡಿನ ಮೂರು ಸಾಲನ್ನು ಅವರು ಮತ್ತೆ ಮತ್ತೆ ಓದಿಕೊಂಡರು. ರೈಲು ನಿಂತಿತ್ತು, ಜನ ಸಿಕ್ಕಿಕೊಂಡಿದ್ದರು, ಹಣ್ಣು ಹಂಚಿಯಾಗಿತ್ತು, ಯಾವುದೂ ಬದಲಾಗಿರಲಿಲ್ಲ. ಹಾಗಾದರೆ ಅಜ್ಜಿ ಒಳ್ಳೆಯವಳೋ ಅಲ್ಲವೋ ಎಂದು ಒಬ್ಬ ಕೇಳಿದ. ನಾನು ಉತ್ತರಿಸುವ ಮೊದಲೇ ಅಫಜಲಪುರದ ಹುಡುಗಿ, ‘ಅಜ್ಜಿದು ನಮಗ ಗೊತ್ತಿಲ್ರಿ ಟೀಚರ್, ಆದ್ರ ಹೇಳಾವ ಜಿಪುಣ ಅದಾನ’ ಎಂದಳು.

ಓದುಗರು ನಿರೂಪಕನನ್ನೇ ಅನುಮಾನಿಸಬಹುದು ಎಂಬುದನ್ನು ವಿವರಿಸಲು ನಾನು ಒಂದು ಪೂರ್ತಿ ಪೀರಿಯಡ್ ಬೇಕಾದೀತೆಂದು ಎಣಿಸಿದ್ದೆ. ಆ ಹುಡುಗಿ ಒಂದು ಸಾಲಿನಲ್ಲಿ ಮುಗಿಸಿದಳು.

ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ಜಿಪುಣನಾದರೂ ಇರಲಿ, ಆದರೆ ಅವನು ಹಾಗೇಕೆ ಮಾತಾಡುತ್ತಾನೆಂದು ನಿನಗೆ ಗೊತ್ತಿರಬೇಕು. ಮರುದಿನ ಅವನು ತನ್ನ ಸಾಲುಗಳಲ್ಲಿ ಒಂದು ಅಕ್ಷರವನ್ನೂ ಬದಲಿಸದೆ, ಕೊನೆಗೆ ಒಂದೇ ಒಂದು ವಾಕ್ಯ ಸೇರಿಸಿ ತಂದ: ‘ನಾನು ಬಾಗಿಲ ಹತ್ತಿರ ನಿಂತಿದ್ದೆ, ನನ್ನವರೆಗೆ ಹಣ್ಣು ಬರಲಿಲ್ಲ.’ ಹಿಂದಿನ ದಿನ ಮಳೆಯಿಂದ ಬಾರದಿದ್ದ ಮಕ್ಕಳಿಗೆ ನಿರೂಪಕನ ಪಾಠವನ್ನು ಆ ನಾಲ್ಕು ವಾಕ್ಯಗಳಿಂದಲೇ ಶುರುಮಾಡಿದೆ.