ಒಂದೇ ಗೆರೆ

ಭೌತಶಾಸ್ತ್ರದ ಲ್ಯಾಬಿನಲ್ಲಿ ನಾನು ಮಾಡಿದ ಮೊದಲ ಕಳ್ಳತನ ಸರಳ ಲೋಲಕದ್ದು. ಒಂದು ಮೀಟರ್ ದಾರ, 20 ಆಂದೋಲನ, 38 ಸೆಕೆಂಡ್. ಲೆಕ್ಕ ಹಾಕಿದರೆ ಗುರುತ್ವ ವೇಗೋತ್ಕರ್ಷ 10.9 ಬಂತು. ಪುಸ್ತಕದಲ್ಲಿದ್ದದ್ದು 9.8. ರೆಕಾರ್ಡಿನ 38ನ್ನು ಬ್ಲೇಡಿನಿಂದ ಕೆರೆದು 40 ಮಾಡಿದೆ.

ಮೇಷ್ಟ್ರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬೈಯಲಿಲ್ಲ. "ಮತ್ತೆ ಎಣಿಸು, ಗಟ್ಟಿಯಾಗಿ" ಎಂದರು. ಲೋಲಕದ ಗುಂಡನ್ನು ತೂಗಲು ಬಿಟ್ಟ ಕೂಡಲೇ "ಒಂದು" ಎಂದೆ.

"ಅಲ್ಲೇ ಇದೆ ನೋಡಪ್ಪ. ಸೊನ್ನೆಯಿಂದ ಶುರು ಮಾಡ್ಬೇಕು. ನೀನು ಎಣಿಸಿದ್ದು 19. ಆ 38ನ್ನ ಹಾಗೇ ಬಿಟ್ಟಿದ್ರೆ ತಪ್ಪೆಲ್ಲಿದೆ ಅಂತ ಅದೇ ಹೇಳ್ತಿತ್ತು. ಹೊಡೆಯೋದಿದ್ರೆ ಒಂದೇ ಗೆರೆ ಎಳಿ. ಅಡಿಯ ಅಂಕಿ ಕಾಣಬೇಕು."

ಫ್ರಾನ್ಸಿನ ಖಗೋಳಜ್ಞ ಲೆವೆರಿಯೆಯ ಕಥೆ ಹೇಳಿದ್ದೂ ಅವರೇ. ಯುರೇನಸ್ ಲೆಕ್ಕದ ದಾರಿ ಬಿಟ್ಟು ಸರಿಯುವುದನ್ನು ನೋಡಿ, ಆಚೆ ಇನ್ನೊಂದು ಗ್ರಹವಿರಬೇಕೆಂದ. 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧನ ಚಲನೆಯೂ ಲೆಕ್ಕಕ್ಕೆ ಕೂಡದಿದ್ದಾಗ 1859ರಲ್ಲಿ ಅದೇ ಉಪಾಯ ಹೂಡಿದ. ಸೂರ್ಯನ ಬಳಿ ಇರಬೇಕಾಗಿದ್ದ ಆ ಗ್ರಹಕ್ಕೆ ವಲ್ಕನ್ ಎಂದು ಹೆಸರೂ ಬಿತ್ತು. ಗ್ರಹ ಮಾತ್ರ ಇರಲಿಲ್ಲ. 1877ರಲ್ಲಿ ಸಾಯುವವರೆಗೂ ಆತ ನಂಬಿಕೆ ಬಿಡಲಿಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ನಿಯಮವನ್ನೇ ತಿದ್ದಿದಾಗ ಬುಧನ ಲೆಕ್ಕ ತಾನಾಗಿಯೇ ಕೂಡಿಬಂತು. ವಿಜ್ಞಾನಿಗಳಿಗೂ ಹಟ ಕಡಿಮೆಯೇನಲ್ಲ. ಆದರೆ ಒಬ್ಬನ ಲೆಕ್ಕ ಕೆಡವಿದ ಇನ್ನೊಬ್ಬನಿಗೆ ಅಲ್ಲಿ ಹೆಸರು ಬರುತ್ತದೆ. ಧರ್ಮಪೀಠದೆದುರು ಅದೇ ಕೆಲಸ ಮಾಡಿದ ಗೆಲಿಲಿಯೊಗೆ 1633ರಲ್ಲಿ ಬಂದದ್ದು ಗೃಹಬಂಧನ. ಆ ತೀರ್ಪು ತಪ್ಪೆಂದು ಪೋಪ್ ಒಪ್ಪಿಕೊಂಡದ್ದು 1992ರಲ್ಲಿ.

ಧರ್ಮ ಬದಲಾಗುವುದೇ ಇಲ್ಲವೆಂದರೆ ಅದೂ ಸುಳ್ಳು. ಅಮೆರಿಕದಲ್ಲಿ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತ ಮರಳಿ ಬರುತ್ತಾನೆಂದು ಕಾದರು. ಬರಲಿಲ್ಲ. ಹಲವರು ಬಿಟ್ಟುಹೋದರು. ಉಳಿದವರಲ್ಲಿ ಕೆಲವರು, ದಿನ ಸರಿಯೇ, ಘಟನೆ ನಡೆದದ್ದು ಸ್ವರ್ಗದಲ್ಲಿ ಎಂದರು. ನನಗೆ ನಗು ಬಂತು. ನಗುವ ಹಕ್ಕು ಬ್ಲೇಡು ಹಿಡಿದವನಿಗೆ ಎಷ್ಟಿತ್ತೋ!

ಸಹಪಾಠಿಯೊಬ್ಬಳು ಎದ್ದು ಕೇಳಿದಳು: "ಸಾರ್, ತಪ್ಪು ಮಾಡಿದವರನ್ನ ಕ್ಷಮಿಸಬೇಕು ಅಂತ ಧರ್ಮ ಹೇಳೋ ಮಾತಿಗೆ ರೀಡಿಂಗ್ ಎಲ್ಲಿಂದ ತರೋದು?"

"ಅದಕ್ಕೆ ನನ್ನ ಸ್ಟಾಪ್‌ವಾಚ್ ಸಾಲದಮ್ಮ" ಎಂದರು ಮೇಷ್ಟ್ರು.

ಆ ರೆಕಾರ್ಡ್ ಈಗಲೂ ನನ್ನಲ್ಲಿದೆ. ಮುಂದಿನ ಪ್ರಯೋಗಗಳಲ್ಲಿ ಹೊಡೆದ ಅಂಕಿಗಳೆಲ್ಲ ಗೆರೆಯಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಲೋಲಕದ ಪುಟದಲ್ಲಿ ಮಾತ್ರ, ಕೆರೆದ ಜಾಗದಲ್ಲಿ ಹಾಳೆ ತೂತಾಗಿದೆ.