ನಾವು ಹತ್ತಿ ಇಳಿದ ಲಿಫ್ಟ್

ಮಾರ್ಚ್ 9, 2025, ಭಾನುವಾರ

ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಮೀಟಿಂಗ್. ಸಿಂಕಿಂಗ್ ಫಂಡ್, ಅಂದರೆ ಮುಂದಿನ ದೊಡ್ಡ ಖರ್ಚಿಗೆ ಅಂತ ಎಲ್ಲರೂ ಸೇರಿ ಕೂಡಿಡೋ ದುಡ್ಡಿನ ಮಾತು ಬಂದ ಕೂಡಲೇ ಮೂರನೇ ಮಹಡಿಯ ಅಂಕಲ್ ಎದ್ದು ನಿಂತರು. "ನೋಡಮ್ಮಾ, ಹೊಸ ಲಿಫ್ಟ್ ಬರೋ ಹೊತ್ತಿಗೆ ನಾನು ಇರ್ತೀನೋ ಇಲ್ವೋ. ಈಗಿಂದಲೇ ಯಾಕೆ ದುಡ್ಡು ಕಟ್ಟಲಿ?"

ಪಿಂಚಣಿಯಲ್ಲಿ ಮನೆ ನಡೆಸುವವರು. ಕೇಳಿದ್ದರಲ್ಲಿ ತಪ್ಪಿಲ್ಲ. ಬೋರ್ಡ್ ಮೇಲೆ ಲೆಕ್ಕ ಬರೆದೆ. ಲಿಫ್ಟ್ 20 ವರ್ಷ ಬಾಳುತ್ತೆ ಅಂತ ಹಿಡಿಯೋಣ. ನಮ್ಮದಕ್ಕೆ ಈಗ 12. ಹೊಸ ಲಿಫ್ಟಿನ ಇವತ್ತಿನ ಬೆಲೆಯಲ್ಲಿ ಶೇ. 60ರಷ್ಟು ಇಷ್ಟೊತ್ತಿಗೆ ಖಾತೆಯಲ್ಲಿ ಇರಬೇಕಿತ್ತು. ಇರೋದು ಶೇ. 15. "ಅಂಕಲ್, ಇಷ್ಟು ವರ್ಷ ನಾವು ಹತ್ತಿ ಇಳಿದದ್ದರ ಬಾಕಿ ಇದು" ಅಂದೆ. ಅವರು ಬೋರ್ಡನ್ನೇ ನೋಡುತ್ತಾ ಕೂತರು.

ಈ ಬಾಕಿ ಹಾಗೇ ಬಿಟ್ಟರೆ ಹೋದ ತಿಂಗಳು ಸಾಲ ಮಾಡಿ ಮನೆ ಕೊಂಡವರ ತಲೆಗೆ ಬೀಳುತ್ತೆ. ಅದು ನ್ಯಾಯ ಅಲ್ವಲ್ಲ. ಬೆಲೆಯೂ ಸುಮ್ನೆ ನಿಲ್ಲೋದಿಲ್ಲ. ವರ್ಷಕ್ಕೆ ಶೇ. 6ರಂತೆ ಏರಿದರೆ 12 ವರ್ಷದಲ್ಲಿ ದುಪ್ಪಟ್ಟು.

ಲಿಫ್ಟ್‌ಗಿಂತ ನನಗೆ ಜಾಸ್ತಿ ಭಯ ಕಟ್ಟಡದೊಳಗೆ ಇಳಿಯೋ ನೀರಿನದು. ಅಮೆರಿಕದ ಫ್ಲೋರಿಡಾ ರಾಜ್ಯದ ಸರ್ಫ್‌ಸೈಡ್‌ನಲ್ಲಿ 2021ರ ಜೂನ್ 24ರಂದು 12 ಮಹಡಿಯ ಕಟ್ಟಡದ ಒಂದು ಭಾಗ ಕುಸಿದು 98 ಜನ ಸತ್ತರು. ಈಜುಕೊಳದ ಸುತ್ತಿನ ವಾಟರ್‌ಪ್ರೂಫಿಂಗ್ ಕೆಟ್ಟಿದೆ, ಕಾಂಕ್ರೀಟ್ ಹಾಳಾಗುತ್ತಿದೆ ಅಂತ ಇಂಜಿನಿಯರ್ 2018ರಲ್ಲೇ ಬರೆದುಕೊಟ್ಟಿದ್ದರು. ದೊಡ್ಡ ರಿಪೇರಿಗೆ ಬೇಕಾದಷ್ಟು ದುಡ್ಡು ಕೂಡಿಟ್ಟಿರಲಿಲ್ಲ. ಮರುವರ್ಷ ಫ್ಲೋರಿಡಾದಲ್ಲಿ ಕಾನೂನು ಬಂತು: ಮೂರು ಮಹಡಿ ಅಥವಾ ಅದಕ್ಕಿಂತ ಎತ್ತರದ ಅಪಾರ್ಟ್‌ಮೆಂಟ್‌ಗಳು (ಅಲ್ಲಿ ಕಾಂಡೋ ಅಂತಾರೆ) 10 ವರ್ಷಕ್ಕೊಮ್ಮೆ ಚಾವಣಿ, ಕಂಬ, ತೊಲೆ ಎಲ್ಲಾ ಪರೀಕ್ಷೆ ಮಾಡಿಸಿ ಇಷ್ಟಿಷ್ಟು ಹಣ ಎತ್ತಿಡಬೇಕು ಅಂತ ಲೆಕ್ಕ ಹಾಕಿಸಬೇಕು. ಇದನ್ನು ಹೇಳುವಾಗ ನನ್ನ ದನಿ ನಡುಗಿತು.

ಕೊನೆಗೆ ಒಪ್ಪಿದರು. ಫಂಡಿಗೆ ಕಟ್ಟೋ ಮೊತ್ತ ಒಂದೇ ಸಲ ಏರಿಸೋದು ಬೇಡ, ಮೂರು ವರ್ಷದಲ್ಲಿ ಮೆಟ್ಟಿಲು ಮೆಟ್ಟಿಲಾಗಿ. ಆ ಖಾತೆಯಿಂದ ದಿನದ ಖರ್ಚಿಗೆ ಪೈಸೆ ತೆಗೆಯುವಂತಿಲ್ಲ.

ಸಂಜೆ ಅಂಕಲ್ ಬಾಗಿಲು ತಟ್ಟಿದರು. "ಟೆರೇಸ್ ವಾಟರ್‌ಪ್ರೂಫಿಂಗ್ ಯಾವ ವರ್ಷ ಮಾಡಿಸಿದ್ದು? ಅದನ್ನೂ ಪಟ್ಟಿಗೆ ಹಾಕಮ್ಮಾ." ಇಬ್ಬರೂ ಮೇಲೆ ಹೋದೆವು. ನೀರಿನ ಟ್ಯಾಂಕಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು, ಒಳಗೆ ಹಸಿರು ಪಾಚಿ. ಯಾವ ವರ್ಷದ ಕೆಲಸ ಅಂತ ಇಬ್ಬರಿಗೂ ಗೊತ್ತಿಲ್ಲ. ಹಳೇ ಬಿಲ್ ಹುಡುಕೋಕೆ ನಾಳೆ ಬೆಳಿಗ್ಗೆ ಆಫೀಸ್ ರೂಮಿನ ಬೀರು ತೆಗೆಸಬೇಕು. ಅಂಕಲ್ ಕೂಡ ಬರ್ತಾರಂತೆ.